ಸಾಸಿವೆಯ ಕಾಡುಬಂಧುವನ್ನು ಗುರುತಿಸುವ ಬಗೆ

ಇಡಿಯ ಸಾಸಿವೆಕಾಳಿಗೆ ಘಾಟಿಲ್ಲ. ನೀರು ಹಾಕಿ ಅರೆದೊಡನೆ ಅದು ಮೂಗಿಗೇರುತ್ತದೆ. ಕಾಳಿನಲ್ಲಿ ಪ್ರತ್ಯೇಕವಾಗಿದ್ದ ಗ್ಲುಕೋಸಿನೊಲೇಟ್ ಎಂಬ ಗಂಧಕಯುಕ್ತ ದ್ರವ್ಯವೂ ಮೈರೋಸಿನೇಸ್ ಎಂಬ ಕಿಣ್ವವೂ ಆಗ ಒಂದುಗೂಡುವುದೇ ಇದಕ್ಕೆ ಕಾರಣ. ಈ ಗುಣ ಸಾಸಿವೆಯ ಕುಟುಂಬಕ್ಕೆಲ್ಲ ಬಂದ ಬಳುವಳಿ. ಉತ್ತರ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿ ವಸಂತಾರಂಭಕ್ಕೆ ಅರಳುವ ಟೂತ್‌ವರ್ಟ್ ಎಂಬ ಪುಟ್ಟ ಗಿಡವೂ ಇದೇ ಕುಟುಂಬದ್ದು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕಾರ್ಡಮೈನ್ ಕಾಂಕಟೆನೇಟ.

ಮಾರ್ಚಿನಿಂದ ಮೇ ತಿಂಗಳೊಳಗೆ, ಮರಗಳು ಚಿಗುರಿ ನೆರಳು ಕವಿಯುವ ಮುನ್ನ, ಇದು ಹೂಬಿಡುತ್ತದೆ. ಬೇಸಗೆಯಲ್ಲಿ ನೆಲದ ಮೇಲಿನ ಭಾಗ ಒಣಗಿಹೋಗುತ್ತದೆ. ಗುರುತಿಸಬಯಸುವವರು ಮೊದಲು ಹೂವನ್ನು ನೋಡಬೇಕು. ಬಿಳಿಯ ಅಥವಾ ನಸುಗೆಂಪಿನ 4 ದಳಗಳು ಶಿಲುಬೆಯಾಕಾರದಲ್ಲಿರುತ್ತವೆ. ಕೇಸರಗಳು 6, ಅವುಗಳಲ್ಲಿ 4 ಉದ್ದ, 2 ಗಿಡ್ಡ. ಇದರಿಂದ ತಿಳಿಯುವುದು ಕುಟುಂಬ ಮಾತ್ರ; ಗಿಡ ಯಾವುದೆಂಬುದನ್ನು ಎಲೆ ಹೇಳಬೇಕು. ಟೂತ್‌ವರ್ಟಿನ ಕಾಂಡದ ಮೇಲೆ ಸಾಮಾನ್ಯವಾಗಿ 3 ಎಲೆಗಳು ಒಂದೇ ಸುತ್ತಿನಲ್ಲಿರುತ್ತವೆ. ಒಂದೊಂದು ಎಲೆಯೂ ಆಳವಾಗಿ ಸೀಳಿ, ಗರಗಸದಂಚಿನ ಕಿರಿದಾದ ಭಾಗಗಳಾಗಿರುತ್ತದೆ.

ಅದೇ ಕಾಡುಗಳಲ್ಲಿ ಯೂರೋಪಿನಿಂದ ಬಂದ ಗಾರ್ಲಿಕ್ ಮಸ್ಟರ್ಡ್ ಎಂಬ ಕಳೆಯೂ ಹಬ್ಬಿದೆ. ಅಮೆರಿಕದಲ್ಲಿ ಅದು ಮೊದಲು ದಾಖಲಾದದ್ದು 1868ರಲ್ಲಿ, ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ. ಅದಕ್ಕೂ ನಾಲ್ಕು ಬಿಳಿಯ ದಳಗಳು. ಆದರೆ ಎಲೆಗಳು ಸೀಳಿಲ್ಲದೆ ಹೃದಯಾಕಾರವಾಗಿದ್ದು, ಕಾಂಡದ ಮೇಲೆ ಒಂದಾದ ಮೇಲೊಂದರಂತೆ ಬರುತ್ತವೆ. ಹೊಸಕಿದರೆ ಬೆಳ್ಳುಳ್ಳಿಯ ವಾಸನೆ. ಎಲೆ ನೋಡುವ ಮನುಷ್ಯನಿಗೆ ಈ ಭೇದ ಸುಲಭ. ಆದರೆ ವೆಸ್ಟ್ ವರ್ಜೀನಿಯ ವೈಟ್ ಎಂಬ ಚಿಟ್ಟೆಗೆ ಹಾಗಲ್ಲ. ಅದರ ಮರಿಹುಳುಗಳಿಗೆ ಟೂತ್‌ವರ್ಟಿನ ಜಾತಿಯೇ ಆಹಾರ. ಕುಟುಂಬದ ಸಮಾನ ರಾಸಾಯನಿಕಗಳಿಗೆ ಮೋಸಹೋದ ತಾಯಿಚಿಟ್ಟೆ ಆ ಕಳೆಯ ಮೇಲೆ ಮೊಟ್ಟೆಯಿಡುತ್ತದೆ. ಹುಟ್ಟಿದ ಹುಳುಗಳು ಅದನ್ನು ತಿಂದು ಸಾಯುತ್ತವೆ. ಕಳೆ ಕೀಳಹೊರಟವರು ಗುರುತು ತಪ್ಪಿ ಟೂತ್‌ವರ್ಟನ್ನೇ ಕಿತ್ತರೆ ಆ ಹುಳುಗಳಿಗೆ ಎರಡನೆಯ ಅನ್ಯಾಯವಾಗುತ್ತದೆ.

ಹೋಲಿಕೆಗೆ ಮನುಷ್ಯನೂ ಮರುಳಾದದ್ದುಂಟು. ಈ ಜಾತಿಯ ಗಿಡಗಳ ನೆಲದೊಳಗಿನ ಕಾಂಡದಲ್ಲಿ ಹಲ್ಲಿನಂಥ ಭಾಗಗಳಿರುವುದರಿಂದ ಹಿಂದಿನವರು ಅದನ್ನು ಹಲ್ಲುನೋವಿಗೆ ಮದ್ದೆಂದು ಬಳಸಿದರು. ಇಂಗ್ಲಿಷ್ ಹೆಸರಿನಲ್ಲಿಯೂ ಹಲ್ಲು ಸೇರಿತು. ಆದರೆ ಆಕಾರದ ಹೋಲಿಕೆ ಔಷಧಗುಣಕ್ಕೆ ಪ್ರಮಾಣವಲ್ಲ. ಹುಳುಕು ಹಲ್ಲನ್ನು ಯಾವ ಬೇರಿನ ಘಾಟೂ ಸರಿಪಡಿಸಲಾರದು. ಅದಕ್ಕೆ ದಂತವೈದ್ಯರೇ ಬೇಕು. ವಾಸನೆಯೊಂದನ್ನೇ ನಂಬಿ ಅಪರಿಚಿತ ಸೊಪ್ಪನ್ನಾಗಲಿ ಗೆಡ್ಡೆಯನ್ನಾಗಲಿ ಬಾಯಿಗೆ ಹಾಕುವುದೂ ತರವಲ್ಲ.

ಮಕ್ಕಳ ಮನೆಗೆಂದು ವಸಂತದಲ್ಲಿ ಆ ನಾಡಿಗೆ ಹೋಗುವ ಹಿರಿಯರು ಕಾಡಿನಂಚಿನಲ್ಲಿ ಈ ಹೂವನ್ನು ಕಂಡರೆ, ದಳ, ಕೇಸರ, ಎಲೆಗಳನ್ನು ಎಣಿಸಿ ನೋಡಲಿ. ಗಿಡವನ್ನು ಮಾತ್ರ ಕೀಳದಿರಲಿ. ಅದು ಒಂದು ಚಿಟ್ಟೆಯ ಸಂತಾನಕ್ಕೆ ಮೀಸಲಾದ ಊಟ.