ನಿಮ್ಮ ಮನೆಯ ನಾಯಿ ಏನು ಹೇಳುತ್ತಿದೆ?

ಆಸ್ಪತ್ರೆಯಿಂದ ಮನೆಗೆ ಹೋದ ದಿನ ಎಷ್ಟೋ ಮನೆಗಳಲ್ಲಿ ಮೊದಲು ಓಡಿ ಬರುವುದು ನಾಯಿ. ಹಲವು ದಿನ ಕಾಣದ ಯಜಮಾನರ ಕೈಕಾಲು ನೆಕ್ಕುತ್ತದೆ. ಅದರ ಪ್ರೀತಿ ನಿಜ. ಆದರೆ ನಿಮ್ಮ ಮೈಮೇಲೆ ಆಪರೇಷನ್ ಗಾಯವೋ ಸಕ್ಕರೆ ಕಾಯಿಲೆಯ ಹುಣ್ಣೋ ಇದ್ದರೆ ಅದನ್ನು ನೆಕ್ಕಲು ಬಿಡಬೇಡಿ. ನಾಯಿಯ ಜೊಲ್ಲಿನಿಂದ ಗಾಯ ಕೀವಾಗಬಹುದು. ನಾಯಿಗೆ ರೇಬೀಸ್ (ಹುಚ್ಚುನಾಯಿ ರೋಗ) ಇದ್ದರೆ ಆ ರೋಗವೂ ಗಾಯದ ಮೂಲಕ ಬರಬಹುದು.

ಸಕಲ ಜೀವಿಗಳಲ್ಲಿ ದಯೆ ಇರಬೇಕೆಂದು ಶರಣರು ಬೋಧಿಸಿದರು. ಮಾತು ಬಾರದ ಪ್ರಾಣಿಯ ನೋವನ್ನು ಅರಿಯುವುದೂ ದಯೆಯೇ. ಅರಿತರೆ ಮನೆಯವರಿಗೂ ಕ್ಷೇಮ.

ಮೈಯಿಂದ ಆಡುವ ಮಾತು

ಬಾಲ ಅಲ್ಲಾಡಿಸಿದರೆ ಸಂತೋಷ ಎಂದು ನಾವೆಲ್ಲ ತಿಳಿದಿದ್ದೇವೆ. ಇದು ಅರ್ಧ ಸತ್ಯ ಮಾತ್ರ.

• ಮೈ ಸಡಿಲವಾಗಿದ್ದು, ಸೊಂಟದ ಸಮೇತ ಬಾಲ ಆಡುತ್ತಿದ್ದರೆ ನಾಯಿ ಸಂತೋಷವಾಗಿದೆ.
• ಬಾಲ ಮೇಲೆತ್ತಿ ಬಿಗಿಯಾಗಿ ಆಡಿಸುತ್ತಾ, ಮೈ ಸೆಟೆದು, ದಿಟ್ಟಿಸಿ ನೋಡುತ್ತಿದ್ದರೆ ಹತ್ತಿರ ಹೋಗಬೇಡಿ.
• ಬಾಲ ಕಾಲ ಸಂದಿಗೆ ಸೇರಿದ್ದರೆ, ಕಿವಿ ಹಿಂದಕ್ಕೆ ಮಡಚಿದ್ದರೆ ಅದಕ್ಕೆ ಭಯವಾಗಿದೆ. ಹೆದರಿದ ನಾಯಿಯೂ ಕಚ್ಚುತ್ತದೆ.
• ನಿದ್ದೆಯಿಲ್ಲದೆ ಆಕಳಿಸುವುದು, ಪದೇ ಪದೇ ತುಟಿ ನೆಕ್ಕಿಕೊಳ್ಳುವುದು, ಮುಖ ತಿರುಗಿಸಿ ಓರೆಗಣ್ಣಿನಿಂದ ನೋಡುವುದು "ನನ್ನನ್ನು ಬಿಡಿ" ಎನ್ನುವ ಸೂಚನೆ. ಮಕ್ಕಳು ನಾಯಿಯ ಕುತ್ತಿಗೆಯನ್ನು ತಬ್ಬಿಕೊಂಡಾಗ ಹೀಗೆ ಕಂಡರೆ ಮಗುವನ್ನು ಈಚೆಗೆ ಕರೆಯಿರಿ.
• ಗುರುಗುಟ್ಟಿದರೆ ಹೊಡೆಯಬೇಡಿ. ಅದು ಎಚ್ಚರಿಕೆ. ಎಚ್ಚರಿಕೆಗೆ ಹೊಡೆತ ತಿಂದ ನಾಯಿ ಮುಂದೆ ಸದ್ದಿಲ್ಲದೆ ಕಚ್ಚಬಹುದು.

ಊಟ ಮಾಡುತ್ತಿರುವ, ಮಲಗಿರುವ, ಮರಿ ಹಾಕಿದ ನಾಯಿಯ ಬಳಿ ಮಕ್ಕಳನ್ನು ಬಿಡಬಾರದು. ಬೀದಿ ನಾಯಿ ಎದುರಾದರೆ ಓಡದೆ, ಕಿರುಚದೆ, ಕೈ ಕೆಳಗಿಟ್ಟು ನಿಂತು, ನಿಧಾನವಾಗಿ ಹಿಂದೆ ಸರಿಯಲು ಮಕ್ಕಳಿಗೆ ಕಲಿಸಿ.

ದಿನನಿತ್ಯ ಗಮನಿಸಿ

ಆರೋಗ್ಯವಂತ ನಾಯಿಯ ಒಸಡು ಸಾಮಾನ್ಯವಾಗಿ ನಸುಗೆಂಪು. ಕೆಲವಕ್ಕೆ ಹುಟ್ಟಿನಿಂದಲೇ ಕಪ್ಪು ಇರುತ್ತದೆ. ಒಸಡು ಬಿಳಿಚಿದರೆ ಅಥವಾ ಹಳದಿಯಾದರೆ ಪಶುವೈದ್ಯರಿಗೆ ತೋರಿಸಿ. ಮೂಗು ಒಣಗಿದ ಮಾತ್ರಕ್ಕೆ ಜ್ವರವಲ್ಲ. ನಾಯಿಯ ಮೈಬಿಸಿ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಒಂದು ದಿನಕ್ಕಿಂತ ಹೆಚ್ಚು ಊಟ ಬಿಟ್ಟರೆ, ಮರಿಗೆ ವಾಂತಿ ಮತ್ತು ರಕ್ತಭೇದಿ ಆದರೆ ತಡಮಾಡಬೇಡಿ. ಕಾಡಂಚಿಗೆ ಹೋಗಿ ಬರುವ ನಾಯಿಯ ಮೈಯಲ್ಲಿ ಉಣುಗು ಇದ್ದರೆ ಬರಿಗೈಯಲ್ಲಿ ಹಿಸುಕಬೇಡಿ.

ನಿಮಗೆ ಇಲ್ಲಿ ಕೊಟ್ಟ ಮಾತ್ರೆಗಳಲ್ಲಿ ಉಳಿದದ್ದನ್ನು ನಾಯಿಗೆ ಹಾಕಬೇಡಿ. ನಮ್ಮ ಜ್ವರ, ನೋವಿನ ಮಾತ್ರೆಗಳಾದ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಅದಕ್ಕೆ ವಿಷವಾಗಬಹುದು.

ಈ ಲಕ್ಷಣ ಕಂಡರೆ ದೂರವಿರಿ

ಸಾಧು ನಾಯಿ ಕಾರಣವಿಲ್ಲದೆ ಕಚ್ಚಲು ಬರುವುದು, ಕತ್ತಲೆಯಲ್ಲಿ ಅಡಗುವುದು, ಬೊಗಳುವ ದನಿ ಬದಲಾಗುವುದು, ಜೊಲ್ಲು ಸುರಿಸುವುದು, ದವಡೆ ಜೋತುಬೀಳುವುದು, ನುಂಗಲಾಗದಿರುವುದು, ತೂರಾಡುವುದು ರೇಬೀಸ್ ಲಕ್ಷಣಗಳಾಗಿರಬಹುದು. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯೊಳಗೆ ಕೈ ಹಾಕಲೇಬೇಡಿ. "ನೀರು ಕುಡಿಯಿತು, ಹುಚ್ಚು ಹಿಡಿದಿಲ್ಲ" ಎನ್ನುವುದೂ ತಪ್ಪು. ನೀರಿನ ಭಯ ಕಾಣುವುದು ರೋಗ ತಗುಲಿದ ಮನುಷ್ಯನಲ್ಲಿ. ರೋಗ ಹಿಡಿದ ನಾಯಿ ನೀರಿಗೆ ಬಾಯಿ ಹಾಕಬಹುದು.

ಕಚ್ಚಿದರೆ, ಪರಚಿದರೆ, ಗಾಯ ನೆಕ್ಕಿದರೆ

1. ಕೂಡಲೇ ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ.
2. ಖಾರದ ಪುಡಿ, ಸುಣ್ಣ, ಕಾಫಿಪುಡಿ, ಎಣ್ಣೆ ಹಚ್ಚಬೇಡಿ. ಗಾಯ ಬಿಗಿದು ಕಟ್ಟಬೇಡಿ.
3. ಅದೇ ದಿನ ಆಸ್ಪತ್ರೆಗೆ ಬನ್ನಿ. ಹೊಕ್ಕುಳ ಸುತ್ತ 14 ಚುಚ್ಚುಮದ್ದಿನ ಕಾಲ ಹೋಯಿತು. ಈಗ ಲಸಿಕೆಯನ್ನು ತೋಳಿಗೆ ಮೊದಲ ದಿನ, ನಂತರ 3, 7 ಮತ್ತು 28ನೇ ದಿನ ಕೊಡುತ್ತಾರೆ. ಸ್ನಾಯುವಿಗೆ ಕೊಡುವ ವಿಧಾನದಲ್ಲಿ 14ನೇ ದಿನವೂ ಇರುತ್ತದೆ. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲೋಬ್ಯುಲಿನ್ ಸಹ ಬೇಕು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಲಸಿಕೆ ಪಡೆಯಬಹುದು.
4. ಕಚ್ಚಿದ ನಾಯಿಯನ್ನು ಕೊಲ್ಲಬೇಡಿ. ಸಾಧ್ಯವಾದರೆ ಕಟ್ಟಿಹಾಕಿ 10 ದಿನ ಗಮನಿಸಿ. ಆದರೆ ಆ 10 ದಿನ ಮುಗಿಯಲೆಂದು ಚಿಕಿತ್ಸೆಗೆ ಕಾಯಬೇಡಿ.

"ನಮ್ಮ ಮನೆಯ ನಾಯಿ ತಾನೇ" ಎಂದು ಸುಮ್ಮನಿರುವುದೇ ದೊಡ್ಡ ತಪ್ಪು. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ರೋಗಿ ಬದುಕುವುದು ಅತಿ ವಿರಳ. ಅದಕ್ಕೆ ಮೊದಲೇ ಸರಿಯಾದ ಚಿಕಿತ್ಸೆ ಪಡೆದವರು ಉಳಿಯುತ್ತಾರೆ. ಈ ಗಂಭೀರತೆಯಿಂದಲೇ 2022ರಲ್ಲಿ ಕರ್ನಾಟಕ ಸರ್ಕಾರ, ಮನುಷ್ಯರಿಗೆ ಬರುವ ರೇಬೀಸ್ ಅನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ಲಸಿಕೆಗೆ ಶಿವಮೊಗ್ಗದವರು ಮೆಗ್ಗಾನ್ ಆಸ್ಪತ್ರೆಗೂ, ಭದ್ರಾವತಿಯವರು ಅಲ್ಲಿನ ಸರ್ಕಾರಿ ಆಸ್ಪತ್ರೆಗೂ ಹೋಗಬಹುದು.

ನಾಯಿಮರಿಗೆ ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ ಹಾಕಿಸಿ; ಮುಂದೆ ಪಶುವೈದ್ಯರು ಹೇಳಿದಂತೆ ವರ್ಷ ವರ್ಷವೂ ತಪ್ಪಿಸಬೇಡಿ. ಮನೆ ಕಾಯುವ ಪ್ರಾಣಿಯನ್ನು ನಾವು ಕಾಯಬೇಕಾದದ್ದು ಹೀಗೆ.