ಟೈರಿನ ಬಟನ್ ನೋಡಿ ಮೋಸಹೋಗಬೇಡಿ

ಪರಿಚಯದ ಹುಡುಗನೊಬ್ಬ ಸೆಕೆಂಡ್ ಹ್ಯಾಂಡ್ ಪರ್ಫಾರ್ಮೆನ್ಸ್ ಸೆಡಾನ್ ಕೊಳ್ಳಲು ಹೊರಟು, ಜೊತೆಗೆ ನನ್ನನ್ನೂ ಕರೆದೊಯ್ದ. ಕಾರು ಓಡಿದ್ದು ಬರೀ 19,000 ಕಿ.ಮೀ. ಬೇಸ್‌ಮೆಂಟಿನಲ್ಲಿ ಕವರ್ ಹೊದ್ದು ನಿಂತದ್ದೇ ಹೆಚ್ಚು. ಮಾರುವವರು ಟೈರಿನ ಗೀರಿನೊಳಕ್ಕೆ ಒಂದು ರೂಪಾಯಿ ನಾಣ್ಯ ತೂರಿಸಿ, ‘ನೋಡಿ, ಬಟನ್ ಹಾಗೇ ಇದೆ, ಇನ್ನೂ ಮೂರು ವರ್ಷ ಯೋಚನೆಯಿಲ್ಲ’ ಎಂದರು. ನಾನು ಬಗ್ಗಿ ಟೈರಿನ ಪಕ್ಕೆ ಒರೆಸಿದೆ. ಧೂಳಿನಡಿ 2315 ಎಂಬ ಅಂಕಿ ಕಂಡಿತು. ಅಂದರೆ 2015ರ 23ನೇ ವಾರದ ಟೈರು. ಹೆಬ್ಬೆರಳಿನ ಉಗುರು ಒತ್ತಿದೆ. ಹೊಸ ರಬ್ಬರಾದರೆ ಉಗುರಿನ ಗುರುತು ಮೂಡಿ ನಿಧಾನಕ್ಕೆ ಮಾಯವಾಗುತ್ತದೆ. ಇದು ತೆಂಗಿನ ಚಿಪ್ಪಿಗೆ ಉಗುರು ಒತ್ತಿದ ಹಾಗಿತ್ತು.

‘ಬಟನ್ ಇದ್ದರೆ ಟೈರು ಚೆನ್ನಾಗಿದೆ’ ಅನ್ನುವ ಮಾತನ್ನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಇಷ್ಟು ಅಪಾಯದ ಅರ್ಧಸತ್ಯ ಕಾರಿನ ಲೋಕದಲ್ಲಿ ಇನ್ನೊಂದಿಲ್ಲ.

ಬಟನ್ ಅಂದರೆ ಟೈರಿನ ಗೀರುಗಳ ನಡುವಿನ ಉಬ್ಬು. ಅದರ ಕೆಲಸ ನೀರನ್ನು ಆಚೆ ತಳ್ಳುವುದು. ಅದು 1.6 ಮಿ.ಮೀ.ಗೆ ಇಳಿದರೆ ಟೈರು ಬದಲಿಸಲೇಬೇಕು, ಆ ಬಗ್ಗೆ ತಕರಾರಿಲ್ಲ. ಆದರೆ ರಸ್ತೆಯನ್ನು ಹಿಡಿಯುವುದು ರಬ್ಬರಿನ ಮೆತ್ತಗಿನ ಗುಣ. ಡಾಂಬರಿನ ಕಣ್ಣಿಗೆ ಕಾಣದ ಉಬ್ಬುತಗ್ಗಿನೊಳಕ್ಕೆ ರಬ್ಬರು ಇಳಿದು, ಅಮುಕಿಕೊಂಡು, ಮತ್ತೆ ಮೇಲೇಳಬೇಕು. ವರ್ಷಗಳು ಕಳೆದಂತೆ ಗಾಳಿಯ ಆಮ್ಲಜನಕ, ಓಜೋನು, ಬಿಸಿಲು ಸೇರಿ ರಬ್ಬರನ್ನು ಗಡುಸು ಮಾಡುತ್ತವೆ. ಅದರೊಳಗಿನ ಎಣ್ಣೆಯೂ ಆರುತ್ತದೆ. ಹಾಗೆ ಗಡುಸಾದ ರಬ್ಬರು ಡಾಂಬರಿನ ಉಬ್ಬುಗಳ ಮೇಲೆ ಜಾರಿಕೊಂಡು ಹೋಗುತ್ತದೆ. ನಾಣ್ಯ ತೂರಿಸಿ ಇದನ್ನು ಅಳೆಯಲು ಬರುವುದಿಲ್ಲ.

ರೇಸ್ ಟ್ರ್ಯಾಕಿನಲ್ಲಿ ಇದೇ ಕೆಲಸ ಬೇಗ ನಡೆಯುತ್ತದೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಬೆಂಗಳೂರಿನಿಂದ ನಾವು ಕೆಲವರು ವರ್ಷವೂ ಹೋಗುತ್ತೇವೆ. ಅಲ್ಲಿ ಪ್ರತಿ ಸುತ್ತಾಟಕ್ಕೂ ಟೈರು ಕೆಂಡದ ಹಾಗೆ ಕಾಯುತ್ತದೆ, ಆಮೇಲೆ ಆರುತ್ತದೆ. ಹೀಗೆ ಒಮ್ಮೆ ಕಾದು ಆರುವುದಕ್ಕೆ ನಾವು ಹೀಟ್ ಸೈಕಲ್ ಅನ್ನುತ್ತೇವೆ. ಒಂದೊಂದು ಸೈಕಲ್ಲಿಗೂ ರಬ್ಬರು ಇಷ್ಟಿಷ್ಟೇ ಗಡುಸಾಗುತ್ತದೆ. ನನ್ನದೇ ಒಂದು ಸೆಟ್ಟಿನ ಲೆಕ್ಕವನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಹೊಸದರಲ್ಲಿ, ರಬ್ಬರಿನ ಗಡುಸುತನ ಅಳೆಯುವ ಡ್ಯೂರೋಮೀಟರ್ 66 ತೋರಿಸಿತ್ತು. ಎರಡು ವರ್ಷ, ನಾಲ್ಕು ಟ್ರ್ಯಾಕ್ ದಿನಗಳ ಬಳಿಕ 76. ಬಟನ್ ಇನ್ನೂ 4.5 ಮಿ.ಮೀ. ಇತ್ತು. ಅದೇ ಕಾರು, ಅದೇ ತಿರುವು, ಆದರೆ ಸ್ಟೇರಿಂಗ್ ತಿರುಗಿಸಿದರೂ ಮೂತಿ ಹೊರಗೇ ಎಳೆಯುತ್ತಿತ್ತು. ಬ್ರೇಕ್ ಮುಟ್ಟಿದರೆ ಎಬಿಎಸ್ ಕಾಲಿನಡಿ ಕಟಕಟ ಎನ್ನುತ್ತಿತ್ತು. ಆ ಸೆಟ್ಟನ್ನು ಅಲ್ಲಿಗೇ ಬಿಟ್ಟೆ.

2013ರಲ್ಲಿ ನಟ ಪಾಲ್ ವಾಕರ್ ತೀರಿಕೊಂಡ ಅಪಘಾತ ನೆನಪಿರಬಹುದು. ಪೋರ್ಷೆ ಕರೇರಾ ಜಿಟಿ ಕಾರು. ಕಾರಣ ಅತಿವೇಗ ಎಂದೇ ತನಿಖೆ ಹೇಳಿತು. ಜೊತೆಗೆ ಇನ್ನೊಂದು ಮಾತನ್ನೂ ದಾಖಲಿಸಿತು: ಟೈರುಗಳಿಗೆ ಒಂಬತ್ತು ವರ್ಷವಾಗಿತ್ತು, ಅದು ಕಾರಿನ ಹಿಡಿತವನ್ನು ಕುಗ್ಗಿಸಿರಬಹುದು. ವೇಗದ ಕಾರುಗಳ ದುರದೃಷ್ಟವೇ ಇದು. ಕಡಿಮೆ ಓಡುತ್ತವೆ, ಹಾಗಾಗಿ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಹತ್ತು ವರ್ಷವಾದರೆ ಹೇಗೇ ಇರಲಿ ತೆಗೆದುಬಿಡಿ ಎಂದು ಮಿಶೆಲಿನ್ ಕಂಪನಿಯೇ ಹೇಳುತ್ತದೆ. ಟ್ರ್ಯಾಕಿಗೆ ಹೋಗುವವರು ಹತ್ತರ ಲೆಕ್ಕವನ್ನು ಮರೆತೇಬಿಡಿ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ನೈಟ್ರೋಜನ್ ತುಂಬಿಸಿದರೆ ಪ್ರೆಶರ್ ಏರುವುದಿಲ್ಲ ಅನ್ನುತ್ತಾರೆ. ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್, ಬಿಸಿಯಾದರೆ ಎರಡೂ ಏರುತ್ತವೆ. ಎರಡೇ ಹೊಸ ಟೈರು ಹಾಕಿಸುವುದಾದರೆ ಅವು ಹಿಂದಕ್ಕೆ ಹೋಗಬೇಕು, ಏಕೆಂದರೆ ಮಳೆಯಲ್ಲಿ ಹಿಂಭಾಗ ಜಾರಿದರೆ ಕಾರನ್ನು ಸಂಭಾಳಿಸುವುದು ಕಷ್ಟ. ಟ್ರೆಡ್‌ವೇರ್ 200 ಎಂದು ಬರೆದ ಎರಡು ಬ್ರ್ಯಾಂಡಿನ ಟೈರು ಒಂದೇ ಅಲ್ಲ, ಟೈರು ಎಷ್ಟು ಬೇಗ ಸವೆಯುತ್ತದೆ ಎಂದು ಹೇಳುವ ಆ ಅಂಕಿ ಕೊಡುವುದು ಆಯಾ ಕಂಪನಿಯೇ. ಟ್ರ್ಯಾಕಿಗೆಂದು ಗಾಳಿ ಇಳಿಸಿದವರು ಬೆಂಗಳೂರಿನ ದಾರಿ ಹಿಡಿಯುವ ಮೊದಲು ಮತ್ತೆ ತುಂಬಿಸಿಕೊಳ್ಳಲೇಬೇಕು.

ಎಂಜಿನ್ ರೀಮ್ಯಾಪಿಗೆ, ಎಕ್ಸಾಸ್ಟಿನ ಸದ್ದಿಗೆ ಲಕ್ಷ ಸುರಿಯುವವರು ಟೈರಿನ ಮಾತು ಬಂದಾಗ ಒಂದು ರೂಪಾಯಿ ನಾಣ್ಯವನ್ನು ನಂಬುತ್ತಾರೆ. ಯಾರೋ ಧೈರ್ಯವಾಗಿ ಹೇಳಿದರು, ಕಣ್ಣಿಗೂ ಹಾಗೇ ಕಂಡಿತು, ಅಲ್ಲಿಗೆ ಮುಗಿಯಿತು. ಟೈರಿನ ಮೈಮೇಲೇ ಅಚ್ಚೊತ್ತಿರುವ ನಾಲ್ಕು ಅಂಕಿ ಓದಲು ಓದುಬರಹ ಬಲ್ಲ ಯಾರಿಗಾದರೂ ಒಂದು ನಿಮಿಷ ಸಾಕು. ಆ ಒಂದು ನಿಮಿಷ ನಮಗಿಲ್ಲ.

ಆವತ್ತು ಮಾರುವವರು ನಮಗೆ ಸುಳ್ಳು ಹೇಳಿರಲಿಲ್ಲ. ಅಂಕಿಯ ಅರ್ಥ ಹೇಳಿದಾಗ ಅವರ ಮುಖ ಸಪ್ಪಗಾಯಿತು. ಹಿಂದಿನ ವಾರವಷ್ಟೇ ಅದೇ ಟೈರಿನ ಮೇಲೆ, ಮಳೆಯಲ್ಲಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮೈಸೂರಿಗೆ ಹೋಗಿ ಬಂದಿದ್ದರಂತೆ. ನನಗೆ ಸಿಟ್ಟು ಬರುವುದು ಅದಕ್ಕೇ.