ಸವಳು ನೆಲದ ಎಳೆ ಸಸಿಗೆ ಹಾರ್ಮೋನಿನ ಆಸರೆ

ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆ ತಗ್ಗಿನ ಗದ್ದೆಗಳಲ್ಲಿ ಬೇಸಿಗೆ ಬಂದರೆ ಬಿಳಿ ಉಪ್ಪು ಮೇಲೇಳುತ್ತದೆ. ಮಣ್ಣಿನ ಉಪ್ಪಿನಂಶ ತಿಳಿಸುವ ಇಸಿ (ವಿದ್ಯುತ್ ವಾಹಕತೆ) 4 ದಾಟಿದರೆ ಅದು ಸವಳು ಭೂಮಿ. ಭತ್ತದ ಇಳುವರಿಯಂತೂ 3ರ ಆಸುಪಾಸಿನಲ್ಲೇ ಇಳಿಯತೊಡಗುತ್ತದೆ.

ಉಪ್ಪಿನ ಏಟು ಎರಡು ಬಗೆಯದು. ಮೊದಲು, ಗದ್ದೆಯಲ್ಲಿ ನೀರಿದ್ದರೂ ಬೇರಿಗೆ ಅದನ್ನು ಹೀರುವುದು ಕಷ್ಟವಾಗುತ್ತದೆ. ಆಮೇಲೆ ಸೋಡಿಯಂ ಒಳಸೇರಿ ಪೊಟ್ಯಾಷನ್ನು ಹೊರದಬ್ಬುತ್ತದೆ. ಹಳೆಯ ಎಲೆಗಳ ತುದಿ ಒಣಗಿ ಬೆಳ್ಳಗಾಗುತ್ತದೆ. ಗಿಡವೇನೂ ಸುಮ್ಮನಿರುವುದಿಲ್ಲ. ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನನ್ನು ಹೆಚ್ಚಿಸಿಕೊಂಡು ಎಲೆಯ ಪತ್ರರಂಧ್ರಗಳನ್ನು ಮುಚ್ಚಿ ನೀರು ಉಳಿಸಿಕೊಳ್ಳುತ್ತದೆ. ಜೊತೆಗೆ ಬೆಳವಣಿಗೆಗೆ ಬೇಕಾದ ಜಿಬ್ಬರೆಲಿನ್ ತಗ್ಗುತ್ತದೆ. ಜೀವ ಉಳಿಯುತ್ತದೆ, ಸಸಿ ಗಿಡ್ಡಾಗುತ್ತದೆ.

ಹೊರಗಿನಿಂದ ಹಾರ್ಮೋನು ಕೊಡುವುದು ಸಸಿ ಹೀಗೆ ಗಿಡ್ಡಾಗುವ ಹಂತಕ್ಕಾಗಿ. ದ್ರಾಕ್ಷಿ ಬೆಳೆಗಾರರಿಗೆ ಚಿರಪರಿಚಿತವಾದ 'ಜಿಎ' ಪುಡಿಯೇ ಈ ಜಿಬ್ಬರೆಲಿನ್. ಬೀಜದೊಳಗಿನ ಪಿಷ್ಟವನ್ನು ಸಕ್ಕರೆಯಾಗಿಸಿ ಮೊಳಕೆಗೆ ಒದಗಿಸುವ ಕೆಲಸಕ್ಕೆ ಚಾಲನೆ ಕೊಡುತ್ತದೆ. ಇನ್ನೊಂದು ಹಾರ್ಮೋನಾದ ಸ್ಯಾಲಿಸಿಲಿಕ್ ಆಮ್ಲದ ದಾರಿ ಬೇರೆ: ಉಪ್ಪಿನ ಒತ್ತಡದಲ್ಲಿ ಹುಟ್ಟುವ ಹಾನಿಕಾರಕ ಆಮ್ಲಜನಕದ ಕಣಗಳನ್ನು ತೊಡೆಯುವ ಕಿಣ್ವಗಳನ್ನು ಚುರುಕುಗೊಳಿಸುತ್ತದೆ, ಬೇರಿನಿಂದ ಪೊಟ್ಯಾಷ್ ಸೋರುವುದನ್ನು ತಗ್ಗಿಸುತ್ತದೆ.

ಸುಲಭದ ವಿಧಾನ ಬೀಜ ನೆನೆಸುವುದೇ. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವ ಪ್ರಮಾಣದಲ್ಲಿ ಹೇಳುವುದಾದರೆ, 10 ಲೀಟರ್ ನೀರಿಗೆ ಸುಮಾರು 700 ಮಿಲಿಗ್ರಾಂ ಸ್ಯಾಲಿಸಿಲಿಕ್ ಆಮ್ಲ. ತಣ್ಣೀರಿನಲ್ಲಿ ಬೇಗ ಕರಗುವುದಿಲ್ಲ. ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ ಬೆರೆಸಬೇಕು. ಭತ್ತದ ಬೀಜ ಅದರಲ್ಲಿ 12 ಗಂಟೆಯಷ್ಟು ನೆನೆಯಲಿ. ಮೊಳಕೆ ಒಡೆಯುವ ಮುನ್ನವೇ ಬಸಿದು ನೆರಳಲ್ಲಿ ಆರಿಸಿ ಬಿತ್ತಬೇಕು. ಕೈ ಜಾರಿ ದುಪ್ಪಟ್ಟು ಹಾಕಿದರೆ ಲಾಭ ದುಪ್ಪಟ್ಟಾಗದು; ಹೆಚ್ಚಾದ ಆಮ್ಲ ಮೊಳಕೆಯನ್ನೇ ತಡೆಯುತ್ತದೆ.

ಸಸಿಮಡಿಯನ್ನು ಒಳ್ಳೆಯ ನೀರಿರುವ ಕಡೆ ಮಾಡುವವರಿಗಿಂತ ಕೂರಿಗೆಯಲ್ಲಿ ನೇರ ಬಿತ್ತುವವರಿಗೆ ಇದು ಹೆಚ್ಚು ಉಪಯುಕ್ತ. ಅಲ್ಲಿ ಎಳೆ ಸಸಿ, ಅಂದರೆ ಭತ್ತ ಉಪ್ಪಿಗೆ ಅತಿ ಬೇಗ ಸೋಲುವ ವಯಸ್ಸಿನ ಸಸಿ, ಸವಳಿನಲ್ಲೇ ಬೇರು ಬಿಡಬೇಕು. ಆದರೆ ಹಾರ್ಮೋನು ಮಣ್ಣಿನ ಒಂದು ಹರಳು ಉಪ್ಪನ್ನೂ ತೆಗೆಯುವುದಿಲ್ಲ. ಅದಕ್ಕೆ ಬಸಿಗಾಲುವೆಯೇ ಬೇಕು, ಸೋಡಿಯಂ ಹೆಚ್ಚಿರುವ ಕರಲು ಮಣ್ಣಾದರೆ ಜಿಪ್ಸಮ್ಮೂ ಬೇಕು. ಇವನ್ನು ಬಿಟ್ಟು ಬರೀ ಬಾಟಲಿ ಮಾರುವವರ ಮಾತು ನಂಬುವಂಥದ್ದಲ್ಲ.

ಬೀಜವನ್ನು ಬರೀ ನೀರಿನಲ್ಲಿ ನೆನೆಸಿ ಆರಿಸಿದರೂ ಮೊಳಕೆ ಸುಧಾರಿಸುತ್ತದೆ. ಹಾಗಾಗಿ ಅದೇ ಗದ್ದೆಯಲ್ಲಿ ನಾಲ್ಕು ಸಾಲು ನೀರಿನ ಬೀಜ, ನಾಲ್ಕು ಸಾಲು ಹಾರ್ಮೋನಿನ ಬೀಜ ಬಿತ್ತಿ, ಇಪ್ಪತ್ತು ದಿನಕ್ಕೆ ಸಸಿ ಕಿತ್ತು ಬೇರು ಹೋಲಿಸಿ. ಎರಡೂ ಒಂದೇ ಥರ ಕಂಡರೆ ಪುಡಿಗೆ ದುಡ್ಡು ಸುರಿಯಬೇಕಿಲ್ಲ.